ನಲವತ್ತು ನಿಮಿಷ

"ಅಕ್ಕಾ, ನಾಲ್ಕು ಗಂಟೆಗೆ ಎರಡು ಗೇಟು ಎತ್ತುತ್ತೀನಿ. ಎಲ್ಲರನ್ನೂ ದಡ ಹತ್ತಿಸಿಬಿಡಿ," ಎಂದು ಹೇಳಿ ಅಣೆಕಟ್ಟಿನ ಗೇಟ್ ಆಪರೇಟರ್ ಫೋನನ್ನು ಜೇಬಿಗಿಳಿಸಿದ. ತಿರುಗಿ ನೋಡಿದರೆ ಬಾಗಿಲಲ್ಲಿ ಸಂಶೋಧಕಿ ನಿಂತಿದ್ದಳು.

"ಯಾರಿಗೆ ಫೋನ್ ಮಾಡಿದ್ರಿ?"

"ನಮ್ಮಕ್ಕನಿಗೆ."

"ಎಲ್ಲಿರೋದು ನಿಮ್ಮಕ್ಕ?"

ಅವನು ಕಿಟಕಿಯಾಚೆ, ನದಿ ಬಳಸಿ ಹೋಗುವ ತಿರುವಿನ ಕಡೆ ನೋಡಿದ. ಆ ತಿರುವು ದಾಟಿದರೆ ಬೇರೆ ದೇಶ.

ಸಂಶೋಧಕಿ ಅಲ್ಲೇ ಇದ್ದ ಸ್ಟೂಲಿನ ಮೇಲೆ ಕೂತುಬಿಟ್ಟಳು. ಗಡಿಯ ಎರಡೂ ಕಡೆಯ ಜನ ದಿನನಿತ್ಯದ ಕೆಲಸದಲ್ಲಿ ಒಬ್ಬರಿಗೊಬ್ಬರು ನೆರವಾಗುವುದುಂಟೇ ಎಂದು ವಿಚಾರಿಸಿ, ಇದ್ದರೆ ಅದನ್ನು ಬೆಳೆಸಲು ದಾರಿ ಸೂಚಿಸುವುದು ಅವಳ ಕೆಲಸ. ಹನ್ನೆರಡು ದಿನ ಮನೆಮನೆ ತಿರುಗಿ ಚಪ್ಪಲಿ ಸವೆದಿತ್ತೇ ಹೊರತು 'ಹೌದು' ಎಂದವರು ಒಬ್ಬರೂ ಸಿಕ್ಕಿರಲಿಲ್ಲ. ಇವನು ಕೂಡ ಬೆಳಿಗ್ಗೆ ತಾನೇ, "ಅವರ್ಯಾರೋ ನಾವ್ಯಾರೋ" ಎಂದು ಬರೆಸಿ ಕಳಿಸಿದ್ದ.

"ಇದನ್ನ ಬರೀಬೇಡಿ ಮೇಡಂ," ಎಂದ. "ನೀರು ಬಿಡೋ ಸುದ್ದಿ ನಮ್ಮ ರಾಜಧಾನಿಗೆ ಹೋಗಬೇಕು, ಅಲ್ಲಿಂದ ಅವರ ರಾಜಧಾನಿಗೆ, ಆಮೇಲೆ ಆ ಊರಿಗೆ. ಕಾಗದ ಮುಟ್ಟೋಕೆ ಮೂರು ದಿನ. ನೀರು ಮುಟ್ಟೋಕೆ ನಲವತ್ತು ನಿಮಿಷ. ನೇರವಾಗಿ ಫೋನ್ ಮಾಡ್ತೀನಿ ಅಂತ ಗೊತ್ತಾದ್ರೆ ನನ್ನ ಕೆಲಸ ಹೋಗುತ್ತೆ. ಹೋದ್ರೆ ಹೋಗ್ಲಿ, ಆದ್ರೆ ನನ್ನ ಜಾಗಕ್ಕೆ ಬರೋನು ಫೋನ್ ಮಾಡಲ್ಲ."

"ಆ ಅಕ್ಕ ಹೇಗೆ ಪರಿಚಯ?"

ಅವನು ಬೆರಳಿಗಂಟಿದ್ದ ಗ್ರೀಸನ್ನು ಬಟ್ಟೆಗೆ ಒರೆಸಿಕೊಂಡ. ಒರೆಸಿದ ಬೆರಳನ್ನೇ ಮತ್ತೆ ಒರೆಸಿಕೊಂಡ.

"ಆರು ವರ್ಷದ ಹಿಂದೆ, ನಾನು ಕೆಲಸಕ್ಕೆ ಸೇರಿ ಎರಡನೇ ತಿಂಗಳು. ಎತ್ತು ಅಂದ್ರು, ಎತ್ತಿದೆ. ಅವರ ಮಗ ಕೆಳಗಡೆ ಮರಳಲ್ಲಿ ಆಡ್ತಿದ್ದನಂತೆ. ಒಂಬತ್ತು ವರ್ಷದ ಹುಡುಗ, ನೀರು ಕೊಚ್ಚಿಕೊಂಡು ಹೋಯ್ತು. ಅವರ ನಂಬರ್ ಹುಡುಕೋಕೆ ಒಂದು ವರ್ಷ ಹಿಡೀತು. ಮೊದಲನೇ ಸಲ ನಾನ್ಯಾರು ಅಂದ ತಕ್ಷಣ ಇಟ್ಟುಬಿಟ್ರು. ಎರಡನೇ ಸಲ, 'ಎಷ್ಟು ಗಂಟೆಗೆ?' ಅಂತ ಮಾತ್ರ ಕೇಳಿದ್ರು."

ಮರುದಿನ ಸಂಶೋಧಕಿ ಚೆಕ್‌ಪೋಸ್ಟ್ ದಾಟಿ ಆಚೆ ಹೋದಳು. ಆ ತಾಯಿ ಆಸ್ಪತ್ರೆಯ ಬಟ್ಟೆ ಒಗೆದುಕೊಡುವವಳು. ಮನೆ ಮುಂದಿನ ಹಗ್ಗಕ್ಕೆ ಬಿಳಿ ಹೊದಿಕೆಗಳನ್ನು ಹರವುತ್ತಲೇ ಮಾತು ಕೇಳಿಸಿಕೊಂಡಳು. ಫೋನ್ ಬಂತೆಂದರೆ ಇವಳು ತಟ್ಟೆ ಬಡಿಯುತ್ತ ದಡದುದ್ದಕ್ಕೂ ಓಡುತ್ತಾಳೆ, ಐದು ವರ್ಷದಿಂದ ಈ ಊರಲ್ಲಿ ಒಂದು ಕೋಳಿಮರಿ ಕೂಡ ಕೊಚ್ಚಿಹೋಗಿಲ್ಲ ಎಂದು ಪಕ್ಕದ ಮನೆಯವರು ಹೇಳಿದರು.

"ಬರೆದ್ರೆ ಫೋನ್ ಮಾಡೋರಿಗೆ ತೊಂದರೆ," ಎಂದಳು ಸಂಶೋಧಕಿ. "ಬರೀದಿದ್ರೆ, ಈ ಗಡಿಯಲ್ಲಿ ಇನ್ನೂ ಆರು ಅಣೆಕಟ್ಟಿವೆ. ಅಲ್ಲಿಂದ ಯಾರೂ ಯಾರಿಗೂ ಫೋನ್ ಮಾಡಲ್ಲ."

ತಾಯಿ ಹೊದಿಕೆಯೊಂದನ್ನು ಪಟಪಟನೆ ಕೊಡವಿ ಹಗ್ಗಕ್ಕೆ ಹಾಕಿದಳು. ಅದರಂಚು ಎಳೆದು ಸರಿಮಾಡಿದ ಮೇಲೆ ಬಾಯಿ ಬಿಟ್ಟಳು.

"ನಾನೇ ಪೀಡಿಸಿ ಫೋನ್ ಮಾಡಿಸ್ಕೊಂಡೆ ಅಂತ ಬರಿಯಮ್ಮ. ನನ್ನ ಹೆಸರು ಹಾಕು. ನನ್ನ ಮೇಲೆ ದನಿಯೆತ್ತೋ ಧೈರ್ಯ ಯಾವ ಸಾಹೇಬನಿಗಿದೆಯೋ ನೋಡೇಬಿಡ್ತೀನಿ."

ಸಂಶೋಧಕಿ ಹಾಗೆಯೇ ಬರೆದಳು. ವರದಿ ಆ ಮೇಜಿನಿಂದ ಈ ಮೇಜಿಗೆ ಎಂಟು ತಿಂಗಳು ಅಲೆಯಿತು. ಯಾವ ಸಾಹೇಬನೂ ದನಿಯೆತ್ತಲಿಲ್ಲ. ಗೇಟ್ ಆಪರೇಟರನ ತಂಟೆಗೂ ಹೋಗಲಿಲ್ಲ. ಏಳೂ ಅಣೆಕಟ್ಟುಗಳಿಂದ, ನೀರು ಬಿಡುವ ಮುಂಚೆ, ಕೆಳಗಿನ ಊರುಗಳಿಗೆ ನೇರವಾಗಿ ಫೋನ್ ಮಾಡಬೇಕೆಂದು ಆದೇಶ ಸಿದ್ಧವಾಯಿತು. ಅದಕ್ಕೆ ಎರಡೂ ಕಡೆಯವರು ಸಹಿ ಹಾಕುವ ದಿನ ಚೆಕ್‌ಪೋಸ್ಟಿನ ಕೋಣೆಗೆ ಆಪರೇಟರನನ್ನೂ ಆ ತಾಯಿಯನ್ನೂ ಕರೆಸಿದರು.

ಇಷ್ಟು ವರ್ಷ ಬರೀ ಧ್ವನಿ ಕೇಳಿದ್ದವರು ಮೊದಲ ಬಾರಿಗೆ ಎದುರುಬದುರಾದರು. ಅವನು ಎದ್ದು ನಿಂತ. ತಲೆ ಎತ್ತಲು ಆಗಲಿಲ್ಲ. ಕುರ್ಚಿಗಳ ನಡುವೆ ದಾರಿ ಮಾಡಿಕೊಂಡು ತಾಯಿ ಹತ್ತಿರ ಬಂದಳು. ಬಗ್ಗಿಸಿದ್ದ ಆ ಮುಖವನ್ನು ತಾನೂ ಬಗ್ಗಿ ನೋಡಿದಳು. ಇಪ್ಪತ್ತೈದು ಇಪ್ಪತ್ತಾರು ಇರಬಹುದು, ಅಷ್ಟೇ.

"ಇಷ್ಟು ಚಿಕ್ಕವನಾ ನೀನು?" ಎಂದಳು. "ಹಾಗಾದ್ರೆ ಆವತ್ತು ನೀನೂ ಹುಡುಗನೇ."