ಕಾಮ್ ಡೌನ್ ಎನ್ನದ ಹುಡುಗಿ

"ನಿಮ್ಮ ಮಿಷಿನ್ ನಡ್ಕೊಂಡು ಬಂದಿದೆ ಕಣ್ರೀ," ಎಂದು ಫೋನಿನಲ್ಲಿ ಒಬ್ಬ ಹೆಂಗಸು ಗುಡುಗಿದರು. "ಬಟ್ಟೆ ಹಿಂಡ್ತಾ ಹಿಂಡ್ತಾ ಗಡಗಡ ಅಂತ ನಡೆದು ಬಚ್ಚಲಮನೆ ಬಾಗಿಲಿಗೆ ಅಡ್ಡ ನಿಂತಿದೆ. ಒಳಗೆ ನಮ್ಮ ಯಜಮಾನ್ರು ಸಿಕ್ಕಿಹಾಕ್ಕೊಂಡಿದಾರೆ."

ವಾಷಿಂಗ್ ಮಿಷಿನ್ ಕಂಪನಿಯ ಆ ದೂರು ವಿಭಾಗದಲ್ಲಿ ಎಂಟು ಮೇಜು, ಎಂಟು ಫೋನು. ಪ್ರತಿ ಮೇಜಿಗೂ ಒಂದು ಕಾರ್ಡು ಅಂಟಿಸಿತ್ತು: ಗ್ರಾಹಕರು ಕೂಗಾಡಿದರೆ 'ಪ್ಲೀಸ್ ಕಾಮ್ ಡೌನ್' ಎನ್ನಬೇಕು. ಏಳು ಮೇಜಿನವರು ಚಾಚೂ ತಪ್ಪದೆ ಹಾಗೇ ಅನ್ನುತ್ತಿದ್ದರು. ಅಂದಾಗಲೆಲ್ಲ ಆ ಕಡೆಯ ಸಿಟ್ಟು ಬೆಂಕಿಗೆ ತುಪ್ಪ ಸುರಿದಂತೆ ಭುಗಿಲೆನ್ನುತ್ತಿತ್ತು. ಎಂಟನೆಯ ಮೇಜಿನ ಹುಡುಗಿಗೆ ಮಾತ್ರ ಆ ಮಾತು ಬಾಯಿಗೇ ಬರುತ್ತಿರಲಿಲ್ಲ. ಅಮ್ಮನ ವಯಸ್ಸಿನವರಿಗೆ ಸುಮ್ಮನಿರಿ ಅನ್ನುವುದು ಹೇಗೆ? ಇಂಗ್ಲಿಷಿನಲ್ಲಿ ಅಂದ ಮಾತ್ರಕ್ಕೆ ಕಹಿ ಸಿಹಿಯಾದೀತೇ? ಅವಳ ಮೆಲುದನಿ ಕೇಳಿ ಜೊತೆಯವರು ಅವಳಿಗೆ ಪಿಸುಪಿಸು ಎಂದೇ ಹೆಸರಿಟ್ಟಿದ್ದರು.

"ಅಯ್ಯೋ, ಅವರ ಸ್ನಾನ ಆಗಿದೆಯಾ ಅಮ್ಮ?" ಎಂದಳು ಪಿಸುಪಿಸು.

ಗುಡುಗು ಅರ್ಧಕ್ಕೇ ನಿಂತಿತು. "ಎಲ್ಲಿಂದ ಆಗುತ್ತೆ? ಟವಲ್ ಹೊರಗೇ ಬಿಟ್ಟು ಹೋಗಿದಾರೆ. ಮೂವತ್ತು ವರ್ಷದಿಂದ ಇದೇ ಕಥೆ." ಹಿಂದೆಯೇ ಒಂದು ಕಿಸಕ್ಕನೆ ನಗು. "ಇರ್ಲಿ ಬಿಡಮ್ಮ, ಸ್ವಲ್ಪ ಹೊತ್ತು ಒಳಗೇ ಇರ್ಲಿ. ಮನೆ ತಣ್ಣಗಿದೆ. ಮೆಕ್ಯಾನಿಕ್ ನಿಧಾನಕ್ಕೇ ಬರ್ಲಿ."

ಫೋನ್ ಇಟ್ಟು ತಿರುಗಿದರೆ ಬೆನ್ನ ಹಿಂದೆಯೇ ಸೂಪರ್‌ವೈಸರ್ ಮೇಡಂ. ಕೈಯಲ್ಲಿ ಹುಡುಗಿಯ ಕೆಲಸ ಖಾಯಂ ಮಾಡುವ ಹಾಳೆ. ಅದರ ತುಂಬ ಚೌಕಗಳು.

"ಕಾಮ್ ಡೌನ್ ಎಲ್ಲಿ ಹೋಯ್ತಮ್ಮ? ಮೂರು ತಿಂಗಳಾಯ್ತು, ಒಂದು ಸಲ ಆದ್ರೂ ಅಂದಿದೀಯಾ? ಸಂಜೆಯೊಳಗೆ ಈ ಚೌಕ ತುಂಬದಿದ್ರೆ ನಾಳೆಯಿಂದ ಬರೋದೇ ಬೇಡ."

"ಅವರು ಆಗ್ಲೇ ತಣ್ಣಗಾಗಿದ್ರು ಮೇಡಂ."

"ಆಗಿದ್ರೇನು? ಜ್ವರ ಬಿಟ್ರೂ ಮಾತ್ರೆ ಪೂರ್ತಿ ನುಂಗ್ಬೇಕು. ಕಾರ್ಡಲ್ಲಿ ಬರೆದಿರೋದು ಕಣ್ಣಿಗೆ ಕಾಣಲ್ವಾ? ಬಾಯಿಗೆ ಬೀಗ ಹಾಕ್ಕೊಂಡು ಬರ್ತೀಯಾ ಕೆಲಸಕ್ಕೆ?" ಮೇಡಂ ದನಿ ಏರುತ್ತ ಏರುತ್ತ ಸೂರಿಗೆ ತಾಗಿತು.

ಹುಡುಗಿ ಕಾರ್ಡು ನೋಡಿದಳು, ಹಾಳೆ ನೋಡಿದಳು.

"ಮೇಡಂ... ಪ್ಲೀಸ್ ಕಾಮ್ ಡೌನ್."

"ನನಗೇ ಹೇಳ್ತೀಯಾ? ನಾನೇನು ಕೂಗ್ತಾ ಇದೀನಾ?"

ಕಿಟಕಿಯ ಗಾಜು ಅದುರಿತು. ಏಳು ಫೋನುಗಳಲ್ಲಿ ರೇಗುತ್ತಿದ್ದ ಏಳು ಗ್ರಾಹಕರೂ ಒಮ್ಮೆಗೇ ಸುಮ್ಮನಾದರು. ಪಕ್ಕದ ಮೇಜಿನ ಸ್ಪೀಕರಿನಿಂದ ಯಾರೋ ಮೆಲ್ಲಗೆ ಕೇಳಿದರು: "ಅಲ್ಲೇನೋ ಗಲಾಟೆ ಇರೋ ಹಾಗಿದೆ. ನಾನು ಆಮೇಲೆ ಫೋನ್ ಮಾಡ್ಲಾ?"

ಮೇಡಂ ಬಾಯಿ ಮುಚ್ಚಿದರು. ನಿಯಮ ಅಂದಮೇಲೆ ನಿಯಮ. ಹುಡುಗಿ ಹೇಳಿದ್ದನ್ನು ಇಡೀ ಕೋಣೆ ಕೇಳಿತ್ತು. ನಿಂತಲ್ಲೇ 'ಕಾಮ್ ಡೌನ್ ಹೇಳಿದರೇ?' ಎಂಬ ಚೌಕದಲ್ಲಿ ಒಂದು ಸರಿ ಗುರುತು ಹಾಕಿದರು. ಅದರ ಮುಂದಿನ ಚೌಕ, 'ಎದುರಿನವರು ಶಾಂತರಾದರೇ?' ಎಂಬುದು. ಪೆನ್ನು ಅದರ ಮೇಲೆ ಬಹಳ ಹೊತ್ತು ನಿಂತೇ ಇತ್ತು.