ಅಜ್ಜಿಯರ ಕಡಲು

“ಪಾಚಿ ನೆಡುವ ಮೂರನೇ ಜಾಗದಲ್ಲಿ ಕಡಲಿನಲ್ಲಿ ಮುಳುಗಿ ದುಡಿಯುವವರು ಯಾರೂ ಇಲ್ಲ” ಎಂದು ಹ್ಯೊನ್ ಸಾಂಗ್‌ಗ್ಯು ತನ್ನ ವರದಿಯನ್ನು ಓದಿದಾಗ, ಮುಳುಗುವ ಹೆಂಗಸರ ಸಂಘದ ಕೋಣೆಯಲ್ಲಿ ಯಾರೋ ಕಿಸಕ್ಕನೆ ನಕ್ಕರು. ಜೆಜು ದ್ವೀಪದಲ್ಲಿ ಈ ತಿಂಗಳು ಅವನಿಗೆ ಇದು ಆರನೇ ಊರು. ಪರಿಸರ ಪರಿಶೀಲನೆ ಎಂದರೆ ಆರೂ ಊರಿನಲ್ಲಿ ಅದೇ ಓದು, ಅದೇ ತಣ್ಣಗಾದ ಕಾಫಿ. ನಕ್ಕವರು ಯಾರೆಂದು ನೋಡಲು ತಲೆಯೆತ್ತುವುದೂ ಅವನಿಗೆ ಬೇಸರವಾಗಿತ್ತು.

ನಕ್ಕವಳು ಬು ಚುನ್‌ಹ್ವಾ. ಎಂಬತ್ತಮೂರು ವರ್ಷ, ಆ ಊರಿನಲ್ಲಿ ಕಡಲಲ್ಲಿ ಮುಳುಗಿ ಶಂಖ ಹೆಕ್ಕುವ ಹೆಂಗಸರಲ್ಲೆಲ್ಲ ಹಿರಿಯಳು.

“ಮೇಷ್ಟ್ರೇ, ಹಾಗಾದ್ರೆ ಹನ್ನೆರಡು ವರ್ಷದಿಂದ ನಾನು ಮುಳುಗ್ತಿರೋದು ಎಲ್ಲಿ? ಬಚ್ಚಲಲ್ಲಾ?” ಓದಿದವರೆಲ್ಲ ಅವಳಿಗೆ ಮೇಷ್ಟ್ರೇ.

ಎಲ್ಲರೂ ನಕ್ಕರು. ಸಂಘದ ಅಧ್ಯಕ್ಷೆ ಯಾಂಗ್ ಒಕ್‌ಸುಕ್ ಮಾತ್ರ ನಗಲಿಲ್ಲ. “ಅದು ಅಜ್ಜಿಯರ ಕಡಲು ಸರ್. ದಡದ ಹತ್ರ ಆಳ ಕಡಿಮೆ ಅಲ್ವಾ, ಎಪ್ಪತ್ತು ದಾಟಿದೋರಿಗೇ ಅಂತ ಬಿಟ್ಟಿದೀವಿ. ಎಷ್ಟೇ ದಪ್ಪ ಶಂಖ ಕಂಡ್ರೂ ನಾವು ಅಲ್ಲಿ ಕೈ ಹಾಕಲ್ಲ. ಅವರಿಗೆ ಆಳಕ್ಕೆ ಹೋಗೋಕೆ ಉಸಿರು ಸಾಲಲ್ಲ.”

“ನಾನು ನಾಲ್ಕು ದಿನ ಸರ್ವೆ ಮಾಡಿದೆನಲ್ಲ! ಒಬ್ಬರೂ ನೀರಿಗೆ ಇಳೀಲಿಲ್ಲ.”

“ಅಯ್ಯೋ, ನೀರು ಕಲಕಬೇಡಿ ಅಂತ ದೋಣಿಯೋರಿಗೆ ನೀವೇ ಹೇಳಿದ್ರಲ್ಲ ಮೇಷ್ಟ್ರೇ” ಎಂದಳು ಚುನ್‌ಹ್ವಾ. “ಪಾಪ, ಅಷ್ಟು ದೂರದಿಂದ ಬಂದೋರು, ಇವರ ಎಣಿಕೆ ನಮ್ಮಿಂದ ಕೆಡಬಾರದು ಅಂತ ಏಳು ಜನಾನೂ ದಡದಲ್ಲೇ ಕೂತಿದ್ವಿ.”

ಸಾಂಗ್‌ಗ್ಯುಗೆ ನೆನಪಾಯಿತು. ನಾಲ್ಕು ದಿನವೂ ಕರಿ ಬಂಡೆಯ ಮೇಲೆ ಏಳು ಮುದುಕಿಯರು ಸಾಲಾಗಿ ಕೂತಿದ್ದರು. ಬಿಸಿಲು ಕಾಯಲು ಬಂದಿದ್ದಾರೆ ಎಂದುಕೊಂಡಿದ್ದ. ಕರೆದು ಕಿತ್ತಳೆ ಸುಲಿದು ಕೊಟ್ಟಿದ್ದರು, ತಿಂದಿದ್ದ. ಅವನಿಗೆ ತನ್ನ ಮೇಲೇ ಅಸಹ್ಯವಾಯಿತು.

ವರದಿಯ ಆ ಒಂದು ಸಾಲಿನ ಮೇಲೆ ಎಲ್ಲವೂ ನಿಂತಿತ್ತು. ಕಡಲಪಾಚಿ ಸತ್ತು, ಬಂಡೆಗಳೆಲ್ಲ ಸುಣ್ಣ ಬಳಿದ ಹಾಗೆ ಬೆಳ್ಳಗಾಗಿದ್ದವು. ಮೂರು ಜಾಗದಲ್ಲಿ ಹೊಸದಾಗಿ ಪಾಚಿ ನೆಟ್ಟು, ಅದು ಬೇರು ಬಿಡುವ ತನಕ ಮೂರು ವರ್ಷ ಯಾರೂ ಅಲ್ಲಿಗೆ ಇಳಿಯಬಾರದೆಂಬುದು ಯೋಜನೆ. ಯಾರೂ ದುಡಿಯದ ಜಾಗವಾದರೆ ತಕ್ಷಣ ಅನುಮತಿ.

“ಅಜ್ಜಿ, ನೀವೊಂದು ತಕರಾರು ಬರೆದುಕೊಡಿ” ಎಂದ ಸಾಂಗ್‌ಗ್ಯು. “ಇವತ್ತೇ ಕೊನೆ ದಿನ. ನಾನು ಮತ್ತೆ ಸರ್ವೆ ಮಾಡ್ತೀನಿ. ಆದ್ರೆ ಅದು ಮುಂದಿನ ವಸಂತಕ್ಕೇ. ಈ ವರ್ಷದ ಪಾಚಿ ಪಕ್ಕದ ಊರಿಗೆ ಹೋಗುತ್ತೆ. ಮತ್ತೆ ನಿಮ್ಮ ಸರದಿ ಯಾವಾಗಲೋ, ನನಗೂ ಗೊತ್ತಿಲ್ಲ.”

ಕಿರಿಯ ಹೆಂಗಸರು ನೆಲ ನೋಡಿದರು. ಅಜ್ಜಿಯರು ಚುನ್‌ಹ್ವಾಳ ಮುಖ ನೋಡಿದರು.

“ಏನೇ ಒಕ್‌ಸುಕ್, ಆಳದಲ್ಲಿ ನಿಮಗೆ ಏನಾದ್ರೂ ಸಿಗ್ತಿದೆಯಾ?” ಎಂದು ಚುನ್‌ಹ್ವಾ ಕೇಳಿದಳು.

“ಎಲ್ಲಿ ಅಜ್ಜಿ. ಶಂಖ ಒಡೆದ್ರೆ ಒಳಗೆ ಉಗುರಿನಷ್ಟೂ ಮಾಂಸ ಇರಲ್ಲ. ತಿನ್ನೋಕೆ ಪಾಚೀನೇ ಇಲ್ವಲ್ಲ ಅವಕ್ಕೆ. ಆದ್ರೂ... ನೀವು ಹೇಳಿದ ಹಾಗೆ.”

ಚುನ್‌ಹ್ವಾ ಉಳಿದ ಆರು ಮಂದಿಯತ್ತ ತಿರುಗಿದಳು. ಒಬ್ಬೊಬ್ಬರೇ ಹೂಂ ಎಂದು ತಲೆಯಾಡಿಸಿದರು. ಕೊನೆಯವಳು ತುಸು ತಡೆದು ಆಡಿಸಿದಳು. ಚುನ್‌ಹ್ವಾ ಸೊಂಟದ ಚೀಲದಿಂದ ತನ್ನ ಹೆಸರಿನ ಮೊಹರು ತೆಗೆದು, ಬಾಯಿಂದ ಹಬೆ ಊದಿ, ವರದಿಯ ಕೊನೆಯಲ್ಲಿ ‘ತಕರಾರು ಇಲ್ಲ’ ಎಂಬಲ್ಲಿ ಒತ್ತಿದಳು. ಮೊಹರು ಸ್ವಲ್ಪ ಓರೆಯಾಯಿತು.

“ಅಜ್ಜಿ, ನಾನು ಬರೆದಿರೋದು ಸುಳ್ಳಾಗುತ್ತೆ” ಎಂದ ಸಾಂಗ್‌ಗ್ಯು. ಅವನ ದನಿ ಸಣ್ಣಗಾಗಿತ್ತು. “ಅಲ್ಲಿ ಯಾರೂ ಮುಳುಗಲ್ಲ ಅಂತ ಬರೆದುಬಿಟ್ಟಿದೀನಿ.”

“ಇರಲಿ ಬಿಡಿ ಮೇಷ್ಟ್ರೇ” ಎಂದಳು ಚುನ್‌ಹ್ವಾ, ಮೊಹರಿನ ಕೆಂಪು ಒರೆಸುತ್ತ. “ಮೂರು ವರ್ಷ ಆದ್ಮೇಲೆ ಮತ್ತೆ ಎಣಿಸೋಕೆ ಬರ್ತೀರಲ್ಲ, ಅಷ್ಟೊತ್ತಿಗೆ ಅದು ನಿಜ ಆಗಿರುತ್ತೆ.”