ಹಿಂದೆ ಬಂದ ಬೋಟು

ಕಾರವಾರದಿಂದ ಮಲ್ಪೆಗೆ ಹಾಯಿದೋಣಿಯಲ್ಲಿ ಹೊರಟಿದ್ದ ಗಂಡ ಹೆಂಡತಿ, ರಾತ್ರಿಯ ಕಾವಲನ್ನು ತಮ್ಮಲ್ಲೇ ಹಂಚಿಕೊಂಡಿದ್ದರು. ತನ್ನ ಪಾಳಿಗೆ ಎದ್ದು ತಾರಿಣಿ ಮೇಲೆ ಬಂದಾಗ ಚುಕ್ಕಾಣಿಯ ಬಳಿ ಮುಕುಂದ ಇರಲಿಲ್ಲ. ದೋಣಿ ಸ್ವಯಂಚಾಲಿತ ಚುಕ್ಕಾಣಿಯ ಹಿಡಿತದಲ್ಲಿ ತಾನಾಗಿಯೇ ಸಾಗುತ್ತಿತ್ತು. ನಿದ್ದೆ ತಡೆಯಲಾರದೆ ಮುಂಭಾಗದ ಕೋಣೆಗೆ ಹೋಗಿ ಮಲಗಿರಬೇಕು ಎಂದುಕೊಂಡು ಅವಳು ಚುಕ್ಕಾಣಿ ಹಿಡಿದಳು.

ಸ್ವಲ್ಪ ಹೊತ್ತಿಗೆ ಹಿಂದೆ ಒಂದು ಬೆಳಕು ಕಂಡಿತು. ಅನುಮಾನ ಬಂದು ಅವಳು ದೋಣಿಯ ದಿಕ್ಕು ಬದಲಿಸಿದಳು. ಬೆಳಕೂ ಅತ್ತಲೇ ತಿರುಗಿತು. ರೇಡಿಯೋದಲ್ಲಿ ಒಂದು ಗಂಡು ದನಿ ಕೇಳಿಸಿತು.

"ಹಾಯಿದೋಣಿಯವ್ರೇ, ಸ್ವಲ್ಪ ನಿಲ್ಸಿ."

"ಯಾರು ನೀವು?"

"ಮೀನಿನ ಬೋಟಿನವ್ರು. ದೋಣಿಯಲ್ಲಿ ಎಷ್ಟು ಜನ ಇದ್ದೀರಿ?"

"ಐದು ಜನ," ಎಂದಳು. "ಎಲ್ಲರೂ ಎಚ್ಚರವಾಗಿದ್ದೀವಿ."

ಆ ಕಡೆ ಯಾರೋ ತಮ್ಮತಮ್ಮಲ್ಲೇ ಮಾತಾಡಿಕೊಂಡರು. "ಸರಿಯಾಗಿ ನೋಡಿ ಹೇಳಿ, ಎಷ್ಟು ಜನ?"

ಅವಳು ದೀಪಗಳನ್ನೆಲ್ಲ ಆರಿಸಿ ಎಂಜಿನ್ ಚಾಲೂ ಮಾಡಿದಳು. ಕಾಲಡಿಯ ಹಲಗೆಯನ್ನು ಹಿಮ್ಮಡಿಯಿಂದ ಜೋರಾಗಿ ಕುಟ್ಟಿದಳು.

"ಮುಕುಂದಾ, ಏಳು. ಯಾರೋ ಬೆನ್ನು ಹತ್ತಿದ್ದಾರೆ."

ಎಂಜಿನ್ನಿನ ಸದ್ದಿನಲ್ಲಿ ಏನೂ ಕೇಳಿಸಲಿಲ್ಲ. ಬೋಟು ಪಕ್ಕಕ್ಕೇ ಬಂತು. ಅದರ ದೊಡ್ಡ ದೀಪ ಅವಳ ಮುಖದ ಮೇಲೆ ಬಿತ್ತು. ಅವಳು ಕೈಗೆ ಸಿಕ್ಕ ಕಬ್ಬಿಣದ ಸರಳನ್ನು ಎತ್ತಿ ಹಿಡಿದು ನಿಂತಳು.

ಬೆಳಕಿನ ಹಿಂದಿನಿಂದ ಅದೇ ದನಿ ಕೂಗಿ ಹೇಳಿತು: "ಅಕ್ಕಾ, ಇನ್ನೊಮ್ಮೆ ಎಣಿಸಿ ನೋಡಿ. ನೀರಲ್ಲಿ ತೇಲ್ತಾ ಇದ್ದ ಒಬ್ರನ್ನ ಎತ್ತಿದ್ದೇವೆ. ಜೀವ ಉಂಟು. ತಾರಿಣಿ, ತಾರಿಣಿ ಅಂತ ಕರೀತಾ ಇದ್ದಾರೆ."